ಕಿವಿಯ ಕೆಳಗಿನ ಗಂಟು, ಎಂಬತ್ತರ ವಯಸ್ಸು

ಹಿರಿಯರೊಬ್ಬರಿಗೆ ಲಾಲಾಗ್ರಂಥಿಯ (ಜೊಲ್ಲು ಸುರಿಸುವ ಗ್ರಂಥಿಯ) ಕ್ಯಾನ್ಸರ್ ಇದೆ ಎಂದು ಗೊತ್ತಾದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ: "ಈ ವಯಸ್ಸಲ್ಲಿ ಆಪರೇಷನ್ ಬೇಕಾ ಡಾಕ್ಟ್ರೇ?" ಸಹಜವಾದ ಪ್ರಶ್ನೆಯೇ. ಆದರೆ ಆಪರೇಷನ್ ಎಂದರೆ ಎಲ್ಲವೂ ಒಂದೇ ತೂಕದ್ದು ಎಂಬ ಎಣಿಕೆ ಅದರೊಳಗೆ ಅಡಗಿದೆ. ಮೊದಲು ಅದನ್ನು ಬಿಡಿಸಿ ನೋಡೋಣ.

ಹೊಟ್ಟೆ ತೆರೆದು ಕರುಳು ಕತ್ತರಿಸಿ ಜೋಡಿಸಿದರೆ ಕರುಳು ಮತ್ತೆ ಕೆಲಸ ಶುರು ಮಾಡುವವರೆಗೆ ಕಾಯಬೇಕು. ಎದೆಗೂಡು ತೆರೆದರೆ ಪ್ರತಿ ಉಸಿರಿಗೂ ನೋವು, ಅದರ ಹಿಂದೆಯೇ ನ್ಯುಮೋನಿಯಾ ಭಯ. ಲಾಲಾಗ್ರಂಥಿಗಳಲ್ಲಿ ದೊಡ್ಡದಾದ ಪೆರೋಟಿಡ್ ಗ್ರಂಥಿ ಇರುವುದು ಕಿವಿಯ ಮುಂದೆ ಮತ್ತು ಕೆಳಗೆ, ಚರ್ಮದ ಅಡಿಯಲ್ಲೇ. ಅದನ್ನು ತೆಗೆಯುವಾಗ ದೇಹದ ಯಾವ ಪೊಳ್ಳನ್ನೂ ತೆರೆಯುವುದಿಲ್ಲ. ರಕ್ತ ಹೋಗುವುದು ಕಡಿಮೆ, ಗಂಟಲು ಮತ್ತು ಶ್ವಾಸನಾಳ ಮುಟ್ಟದೆ ಉಳಿಯುತ್ತವೆ. ಸಾಮಾನ್ಯವಾಗಿ ಅದೇ ದಿನ ಸಂಜೆ ರೋಗಿ ಎದ್ದು ಕೂತು ಮೆತ್ತನೆಯ ಊಟ ಮಾಡಬಹುದು, ಬಚ್ಚಲಿಗೆ ನಡೆದು ಹೋಗಬಹುದು. ಎಂಬತ್ತು ದಾಟಿದವರೂ ಈ ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳುವುದು ಇದೇ ಕಾರಣಕ್ಕೆ. ಹಿರಿಯರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಬೇರೆ ಮೂರು ಕಡೆ: ರೋಗ ತಡವಾಗಿ ಗೊತ್ತಾಗುವುದು, ವಯಸ್ಸು ನೋಡಿ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವುದು, ಕಣ್ಣು ಮತ್ತು ಮಿದುಳಿನ ಆರೈಕೆಯನ್ನು ಮೊದಲೇ ಯೋಚಿಸದಿರುವುದು. ಇಂದಿನ ಮಾತು ಈ ಮೂರರ ಸುತ್ತಲೇ.

ಈ ತೂಕದ ಮಾತಿಗೆ ಒಂದು ಮಿತಿಯಿದೆ. ಬಾಯಿಯೊಳಗೆ, ಅಂಗುಳಲ್ಲಿ, ನಾಲಿಗೆಯ ಬುಡದಲ್ಲಿ ನೂರಾರು ಪುಟ್ಟ ಲಾಲಾಗ್ರಂಥಿಗಳಿವೆ. ಅಲ್ಲಿನ ಕ್ಯಾನ್ಸರಿಗೆ ಮೇಲ್ದವಡೆಯ ಭಾಗವನ್ನೇ ತೆಗೆಯಬೇಕಾಗಬಹುದು. ಆಗ ನುಂಗುವುದೂ ಮಾತಾಡುವುದೂ ಬದಲಾಗುತ್ತವೆ, ಲೆಕ್ಕಾಚಾರ ಬೇರೆಯೇ ಆಗುತ್ತದೆ. ಇಲ್ಲಿ ಮುಖ್ಯವಾಗಿ ಪೆರೋಟಿಡ್ ಬಗ್ಗೆ ಹೇಳುತ್ತಿದ್ದೇವೆ. ಲಾಲಾಗ್ರಂಥಿಯ ಗಡ್ಡೆಗಳಲ್ಲಿ ಬಹುಪಾಲು ಹುಟ್ಟುವುದೂ ಅಲ್ಲಿಯೇ.

ಮುಪ್ಪಿನಲ್ಲಿ ಯಾವ ಗಂಟು

ಪೆರೋಟಿಡ್ ಗಡ್ಡೆಗಳಲ್ಲಿ ಹತ್ತರಲ್ಲಿ ಏಳೆಂಟು ಕ್ಯಾನ್ಸರ್ ಅಲ್ಲ. ದವಡೆಯ ಕೆಳಗಿನ ಗ್ರಂಥಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾನ್ಸರ್, ನಾಲಿಗೆಯಡಿಯ ಗ್ರಂಥಿಯಲ್ಲಿ ಬಹುತೇಕ ಕ್ಯಾನ್ಸರೇ. ಗ್ರಂಥಿ ಚಿಕ್ಕದಾದಷ್ಟೂ ಅನುಮಾನ ದೊಡ್ಡದು ಎಂದು ನೆನಪಿಟ್ಟುಕೊಳ್ಳಿ.

ವಯಸ್ಸಾದ, ಧೂಮಪಾನದ ಅಭ್ಯಾಸವಿದ್ದವರಲ್ಲಿ ವಾರ್ಥಿನ್ ಗಡ್ಡೆ ಹೆಚ್ಚು. ಅದು ನಿರುಪದ್ರವಿ, ಕೆಲವರಲ್ಲಿ ಎರಡೂ ಕಡೆ ಬರುತ್ತದೆ. ಬೇರೆ ಯಾವುದೋ ರೋಗಕ್ಕೆ ಮಾಡಿದ ಪೆಟ್ ಸ್ಕ್ಯಾನಿನಲ್ಲಿ ಅದು ಕ್ಯಾನ್ಸರಿನಂತೆಯೇ ಹೊಳೆದು ಮನೆಮಂದಿಯನ್ನೆಲ್ಲ ಹೆದರಿಸುತ್ತದೆ. ಸೂಜಿ ಪರೀಕ್ಷೆಯಲ್ಲಿ ವಾರ್ಥಿನ್ ಎಂದು ಖಚಿತವಾದರೆ ಹಿರಿಯರಲ್ಲಿ ಅದನ್ನು ಹಾಗೆಯೇ ಬಿಟ್ಟು ಗಮನಿಸುತ್ತ ಇರಬಹುದು.

ಇನ್ನೊಂದು ತುದಿಯಲ್ಲಿ ಲಾಲಾನಾಳದ ಕಾರ್ಸಿನೋಮಾ ಎಂಬ ಕ್ಯಾನ್ಸರ್ ಇದೆ. ಅರವತ್ತು ದಾಟಿದ ಗಂಡಸರಲ್ಲಿ ಹೆಚ್ಚು, ಬೇಗ ಬೆಳೆಯುತ್ತದೆ, ಕುತ್ತಿಗೆಯ ಲಿಂಫ್ ಗ್ರಂಥಿಗಳಿಗೆ ಬೇಗ ಹರಡುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಪ್ಲಿಯೋಮಾರ್ಫಿಕ್ ಅಡಿನೋಮಾ ಎಂಬ ಸಾಧು ಗಡ್ಡೆ ಒಂದು ದಿನ ಕ್ಯಾನ್ಸರಾಗಿ ತಿರುಗುವುದೂ ಈ ವಯಸ್ಸಿನಲ್ಲಿಯೇ. "ಇಪ್ಪತ್ತು ವರ್ಷದಿಂದ ಇದೆ, ಏನೂ ಆಗಿಲ್ಲ" ಎನ್ನುವ ಗಂಟು ಈ ಮೂರು ತಿಂಗಳಲ್ಲಿ ದಪ್ಪವಾಗಿದ್ದರೆ ಹಳೆಯ ಇಪ್ಪತ್ತು ವರ್ಷವನ್ನು ಮರೆತುಬಿಡಿ. ಮೂರನೆಯದು, ಬಿಸಿಲಿಗೆ ಸವೆದ ತಲೆ, ಹಣೆ, ಕಿವಿಯ ಚರ್ಮದ ಸ್ಕ್ವೇಮಸ್ ಕ್ಯಾನ್ಸರ್ ಪೆರೋಟಿಡ್ ಒಳಗಿನ ಲಿಂಫ್ ಗ್ರಂಥಿಗೆ ಬಂದು ಕೂರುವುದು. ಆದ್ದರಿಂದ ಪೆರೋಟಿಡ್‌ನಲ್ಲಿ ಸ್ಕ್ವೇಮಸ್ ಎಂದು ವರದಿ ಬಂದರೆ ಮೊದಲು ನೆತ್ತಿ ಮತ್ತು ಕಿವಿಯ ಹಿಂಬದಿ ನೋಡಬೇಕು, ಹಿಂದೆಂದಾದರೂ ಚರ್ಮದ ಹುಣ್ಣು ತೆಗೆಸಿದ್ದರೆ ವಿಚಾರಿಸಬೇಕು.

ಹೀಗೆ ಹಿರಿಯರಲ್ಲಿ ಉಗ್ರ ದರ್ಜೆಯ ರೋಗದ ಪಾಲು ಹೆಚ್ಚು, ಪತ್ತೆಯಾಗುವ ಹೊತ್ತಿಗೆ ಅದು ಮುಂದುವರಿದಿರುವುದೂ ಹೆಚ್ಚು. ಫಲಿತಾಂಶ ಕೆಡುವುದರಲ್ಲಿ ಇದರ ಪಾತ್ರ ದೊಡ್ಡದು. ಅದನ್ನೆಲ್ಲ ಜನ್ಮದಿನಾಂಕದ ತಲೆಗೆ ಕಟ್ಟುವುದು ಸರಿಯಲ್ಲ.

ತಡವಾಗುವುದಕ್ಕೆ ಒಂದು ಕಾರಣವನ್ನು ಒತ್ತಿ ಹೇಳಬೇಕು. ಬಾಯಿ ಸೊಟ್ಟಗಾಯಿತು, ಒಂದು ಕಣ್ಣು ಮುಚ್ಚುತ್ತಿಲ್ಲ ಎಂದರೆ ಬೆಲ್ಸ್ ಪಾಲ್ಸಿ (ಮುಖದ ನರ ಹಠಾತ್ತನೆ ಸೋಲುವುದು) ಎಂದು ಮಾತ್ರೆ ಕೊಟ್ಟು ಕಳಿಸುವುದು ವಾಡಿಕೆ. ಬೆಲ್ಸ್ ಪಾಲ್ಸಿ ಬರುವುದು 72 ಗಂಟೆಯೊಳಗೆ. ಮೂರು ತಿಂಗಳಲ್ಲಿ ಸ್ವಲ್ಪವಾದರೂ ಚೇತರಿಕೆ ಕಾಣಬೇಕು. ವಾರಗಟ್ಟಲೆ ನಿಧಾನವಾಗಿ ಹೆಚ್ಚುತ್ತ ಬಂದ ಮುಖದ ಸೋಲು, ಮುಖದ ಇಡೀ ಬದಿಗಲ್ಲದೆ ಹಣೆಗೋ ಬಾಯಿಗೋ ಮಾತ್ರ ಬಂದ ಸೋಲು, ಜತೆಗೆ ಕಿವಿಯ ಸುತ್ತ ನೋವು ಅಥವಾ ಸ್ನಾಯುಗಳ ಅದುರುವಿಕೆ ಇದ್ದರೆ ಅದು ಗಡ್ಡೆ ನರವನ್ನು ತಿನ್ನುತ್ತಿರುವ ಲಕ್ಷಣ ಎಂದೇ ಭಾವಿಸಿ ಎಂಆರ್‌ಐ ಮಾಡಿಸಬೇಕು. ಗಂಟು ಕೈಗೆ ಸಿಗಲೇಬೇಕೆಂದಿಲ್ಲ. ಗ್ರಂಥಿಯ ಒಳಭಾಗದಲ್ಲಿರುವ ಗಡ್ಡೆ ಹೊರಗೆ ಕಾಣದೆಯೇ ಇರಬಹುದು.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಟ್ರಾಸೌಂಡ್ ನೋಡುತ್ತ ಸೂಜಿ ಪರೀಕ್ಷೆ, ಅದರಲ್ಲಿ ಸ್ಪಷ್ಟವಾಗದಿದ್ದರೆ ದಪ್ಪ ಸೂಜಿಯ ಕೋರ್ ಬಯಾಪ್ಸಿ, ನರದ ಹಾದಿ ನೋಡಲು ಎಂಆರ್‌ಐ, ಎದೆಯ ಸಿಟಿ. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂದರೆ ಅದನ್ನು ನಂಬಬಹುದು. ಇಲ್ಲ ಎಂದು ಬಂದರೆ ಅಷ್ಟು ಸುಲಭವಾಗಿ ನಂಬಬಾರದು.

ದೇಹದ ಕಸುವು ಅಳೆಯುವುದು

ವೈದ್ಯರು ಫ್ರೇಲ್ಟಿ ಎನ್ನುವುದನ್ನು ಇಲ್ಲಿ ಸೊರಗು ಎನ್ನೋಣ. ಒಂದು ಪೆಟ್ಟು ಬಿದ್ದರೆ ಮತ್ತೆ ಎದ್ದು ನಿಲ್ಲುವ ಶಕ್ತಿ ಕುಂದಿರುವುದು ಅದರ ಅರ್ಥ. 84ರಲ್ಲಿ ಸೊರಗದವರಿದ್ದಾರೆ, 68ರಲ್ಲಿ ಸೊರಗಿದವರಿದ್ದಾರೆ. ಇದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಎಂದು ನೋಡಿ. 12 ಸೆಕೆಂಡ್ ದಾಟಿದರೆ ಎಚ್ಚರ ಬೇಕು. ಜಿ8 ಎಂಬ ಚಿಕ್ಕ ಪ್ರಶ್ನಾವಳಿಯಲ್ಲಿ 17ಕ್ಕೆ 14 ಅಥವಾ ಕಡಿಮೆ ಅಂಕ ಬಂದರೆ ವಿವರವಾದ ವೃದ್ಧಾಪ್ಯ ತಪಾಸಣೆಗೆ ಕಳಿಸಬೇಕು. ಮೂರು ಪದ ಹೇಳಿ ಗಡಿಯಾರ ಬರೆಸಿ ಮತ್ತೆ ಆ ಪದಗಳನ್ನು ಕೇಳುವ ಮಿನಿ-ಕಾಗ್ ಪರೀಕ್ಷೆಗೆ ಮೂರು ನಿಮಿಷ ಸಾಕು. ಇದನ್ನು ಬಿಡುವವರೇ ಹೆಚ್ಚು. ಅದು ಹೇಳುವುದು ಶಸ್ತ್ರಚಿಕಿತ್ಸೆಯ ನಂತರ ಸನ್ನಿ (ಮನಸ್ಸು ಕದಡಿ ದಿಕ್ಕು ತಪ್ಪುವುದು) ಯಾರಿಗೆ ಬರಬಹುದು ಎಂಬುದನ್ನು. ಹೃದಯದ ಎಕೋ ಅದನ್ನು ಹೇಳಲಾರದು.

ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಗಾಯ ಮಾಯುವುದು ನಿಧಾನ. ಸಿದ್ಧತೆಗೆ ಎರಡು ವಾರ ಸಿಕ್ಕರೂ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಕೊಟ್ಟು, ನಡಿಗೆ ಮಾಡಿಸಿ, ರಕ್ತಹೀನತೆ ಸರಿಪಡಿಸಬಹುದು. ಮೂತ್ರಪಿಂಡದ ರೋಗವಿದ್ದರೆ ಮಾತ್ರ ಪ್ರೋಟೀನಿನ ಲೆಕ್ಕವನ್ನು ಅದರ ತಜ್ಞರೊಂದಿಗೆ ಮಾಡಬೇಕು. ಉಗ್ರ ದರ್ಜೆಯ ಗಡ್ಡೆಯಾದರೆ ಸಿದ್ಧತೆಯ ಹೆಸರಲ್ಲಿ ಎರಡು ತಿಂಗಳು ಕಳೆಯುವಂತಿಲ್ಲ.

ಮಾತ್ರೆಗಳ ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದಾಗಿ ನೋಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಲ್ಲಿ ವಾರ್ಫರಿನ್ ಸಾಮಾನ್ಯವಾಗಿ ಐದು ದಿನ ಮೊದಲು, ಕ್ಲೊಪಿಡೋಗ್ರೆಲ್ ಐದರಿಂದ ಏಳು ದಿನ ಮೊದಲು, ಅಪಿಕ್ಸಬಾನ್‌ನಂಥವು ಮೂತ್ರಪಿಂಡ ಸರಿಯಿದ್ದರೆ ಒಂದೆರಡು ದಿನ ಮೊದಲು ನಿಲ್ಲಬೇಕು. ಹೃದಯದಲ್ಲಿ ಸ್ಟೆಂಟ್ ಇರುವವರ ಆಸ್ಪಿರಿನ್ ಬಹುತೇಕ ಮುಂದುವರಿಯುತ್ತದೆ. ಸ್ಟೆಂಟ್ ಇತ್ತೀಚಿನದಾದರೆ ಹೃದ್ರೋಗ ತಜ್ಞರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬಾರದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಮಾತ್ರೆಗಳನ್ನು ಮೂರು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಹೆಚ್ಚಿಲ್ಲದಿದ್ದರೂ ಕೀಟೋಆಸಿಡೋಸಿಸ್ (ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಬರಬಹುದು. ನಿದ್ರೆಗೆಂದು ವರ್ಷಗಳಿಂದ ನುಂಗುತ್ತಿರುವ ಡಯಾಜೆಪಾಮ್ ತರಹದ್ದನ್ನು ಒಮ್ಮೆಲೇ ನಿಲ್ಲಿಸಿದರೂ ತೊಂದರೆ, ಇದೆಯೆಂದು ಹೇಳದಿದ್ದರೂ ತೊಂದರೆ.

ನರ, ಮತ್ತು ಅದಕ್ಕೂ ಮುಖ್ಯವಾದ ಕಣ್ಣು

ಮುಖದ ನರ ಪೆರೋಟಿಡ್ ನಡುವಿನಿಂದ ಹಾದು ಐದು ಕವಲಾಗುತ್ತದೆ: ಹಣೆಗೆ, ಕಣ್ಣಿನ ಸುತ್ತಕ್ಕೆ, ಕೆನ್ನೆಗೆ, ಕೆಳದವಡೆಯ ಅಂಚಿಗೆ, ಕುತ್ತಿಗೆಗೆ. ಕಿವಿಯ ಮೃದ್ವಸ್ಥಿಯ ಚೂಪು ತುದಿ, ಡೈಗ್ಯಾಸ್ಟ್ರಿಕ್ ಸ್ನಾಯುವಿನ ಹಿಂಭಾಗ, ಕಿವಿಯ ಹಿಂದಿನ ಎಲುಬಿನ ಸಂದು ಈ ಮೂರನ್ನು ಹಿಡಿದು ಕಾಂಡವನ್ನು ಹುಡುಕಿ, ಅಲ್ಲಿಂದ ಕವಲು ಕವಲಾಗಿ ಬಿಡಿಸುತ್ತ ಹೋಗುತ್ತಾರೆ. ನರ ಮುಟ್ಟಿದಾಗ ಮುಖದ ಸ್ನಾಯು ಮಿಡಿಯುವುದನ್ನು ಹಿಡಿದು ಸದ್ದು ಮಾಡುವ ನರದ ಮಾನಿಟರ್ ಬಳಸುವುದಾದರೆ ಸ್ನಾಯು ಸಡಿಲಿಸುವ ಔಷಧಿ ಉಸಿರಿನ ಕೊಳವೆ ಹಾಕುವ ಹೊತ್ತಿಗೆ ಮಾತ್ರ. ಹಿರಿಯರ ದೇಹದಿಂದ ರೋಕುರೋನಿಯಂ ಎಂಬ ಅಂಥ ಔಷಧಿ ನಿಧಾನವಾಗಿ ಇಳಿಯುತ್ತದೆ. ಆಗ ಮಾನಿಟರ್ ಮೌನವಾಗಿದ್ದರೆ ನರ ದೂರವಿದೆ ಎಂದು ಅಂದುಕೊಂಡು ಕತ್ತರಿ ಹಾಕಿದವರಿದ್ದಾರೆ. ಮೌನ ನಂಬುವ ಮೊದಲು ಸ್ನಾಯು ಸಡಿಲಿಕೆ ಇಳಿದಿದೆಯೇ ಎಂದು ಅರಿವಳಿಕೆ ತಜ್ಞರು ಅಳೆದು ಹೇಳಬೇಕು.

ನರ ಉಳಿಸಬೇಕೋ ಕತ್ತರಿಸಬೇಕೋ? ಮುಂಚೆ ಮುಖ ಚೆನ್ನಾಗಿ ಆಡುತ್ತಿದ್ದು, ಗಡ್ಡೆಗೂ ನರಕ್ಕೂ ನಡುವೆ ಬಿಡಿಸುವಷ್ಟು ಜಾಗವಿದ್ದರೆ ನರ ಉಳಿಸಬೇಕು. ಕಣ್ಣಿಗೆ ಕಾಣದಷ್ಟು ಉಳಿದಿರಬಹುದಾದ ರೋಗವನ್ನು ವಿಕಿರಣಕ್ಕೆ ಬಿಡಬೇಕು. ಮೊದಲೇ ಸೋತು ಹೋದ, ಗಡ್ಡೆ ಪೂರ್ತಿ ಸುತ್ತಿಕೊಂಡ ಕವಲನ್ನು ಉಳಿಸಿ ಲಾಭವಿಲ್ಲ. ಇದು ಯಾವ ವಯಸ್ಸಿಗೂ ಒಂದೇ. ಹಿರಿಯರಲ್ಲಿ ಬದಲಾಗುವುದು ಅದರ ಮುಂದಿನ ಹೆಜ್ಜೆ.

ನರದ ತುಂಡು ಹೋದ ಜಾಗಕ್ಕೆ ಕಾಲಿನ ಸೂರಲ್ ನರವನ್ನು ಕಸಿ ಮಾಡಬಹುದು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮುಖದಲ್ಲಿ ಚಲನೆ ಕಾಣಲು ಆರು ತಿಂಗಳಿಂದ ವರ್ಷ, ವಯಸ್ಸಾದಂತೆ ಇನ್ನೂ ನಿಧಾನ. 80ರವರಿಗೆ ಬರೀ ಕಸಿ ಮಾಡಿ ಒಂದು ವರ್ಷ ಕಾಯಿರಿ ಎಂದರೆ ಆ ವರ್ಷದಲ್ಲಿ ಊಟ ಬಾಯಿಯ ಮೂಲೆಯಿಂದ ಸುರಿಯುತ್ತದೆ, ಜೋತ ಹುಬ್ಬು ನೋಟವನ್ನು ಮುಚ್ಚುತ್ತದೆ. ಆದ್ದರಿಂದ ತೊಡೆಯ ಫೇಶಿಯಾ (ಸ್ನಾಯುವಿನ ಮೇಲಿನ ಗಟ್ಟಿ ಪೊರೆ) ಪಟ್ಟಿಯಿಂದ ಬಾಯಿಯ ಮೂಲೆಯನ್ನು ಎತ್ತಿ ಕಟ್ಟುವುದು, ಹುಬ್ಬು ಎತ್ತುವುದು ಇವನ್ನು ಅದೇ ಅರಿವಳಿಕೆಯಲ್ಲಿ ಮುಗಿಸುವುದು ಲೇಸು. ಕಸಿಯನ್ನೂ ಮಾಡಲಿ, ತಪ್ಪಿಲ್ಲ. ಮುಂದೆ ವಿಕಿರಣ ಇದೆ ಎಂಬುದು ಅದನ್ನು ಬಿಡಲು ಕಾರಣವಲ್ಲ.

ಈಗ ಕಣ್ಣು. ಮುಖ ಸೋತ ಯುವಕನ ಕೆಳರೆಪ್ಪೆ ಬಿಗಿಯಾಗಿಯೇ ಇರುತ್ತದೆ, ಕಣ್ಣೀರೂ ಬೇಕಷ್ಟಿರುತ್ತದೆ. ಹಿರಿಯರಲ್ಲಿ ರೆಪ್ಪೆ ಮೊದಲೇ ಸಡಿಲ, ಕಣ್ಣೀರು ಮೊದಲೇ ಕಡಿಮೆ. ನರ ಹೋದ ದಿನವೇ ಕೆಳರೆಪ್ಪೆ ಹೊರಮಗುಚಿಕೊಂಡು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಒಣಗಲು ತೊಡಗುತ್ತದೆ. ಆಮೇಲೆ ಹುಣ್ಣು, ಸೋಂಕು, ಕೊನೆಗೆ ದೃಷ್ಟಿಯೇ ಹೋಗಬಹುದು. ಶಸ್ತ್ರಚಿಕಿತ್ಸೆಗೆ ಮುನ್ನವೇ ನೋಡಬೇಕಾದದ್ದು ಇಷ್ಟು: ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದರೆ ಗುಡ್ಡೆಯಿಂದ ಎಷ್ಟು ದೂರ ಬರುತ್ತದೆ, ಬಿಟ್ಟರೆ ರೆಪ್ಪೆ ಹೊಡೆಯದೆಯೇ ಹಿಂದಕ್ಕೆ ಹೋಗುತ್ತದೆಯೇ, ಕಣ್ಣು ಮುಚ್ಚುವಾಗ ಗುಡ್ಡೆ ಮೇಲಕ್ಕೆ ಹೊರಳುತ್ತದೆಯೇ, ಹತ್ತಿಯೆಳೆ ಸೋಕಿಸಿದರೆ ಕಾರ್ನಿಯಾಕ್ಕೆ ಅರಿವಾಗುತ್ತದೆಯೇ. ಗುಡ್ಡೆ ಹೊರಳದೆ, ಅರಿವೂ ಇಲ್ಲದಿದ್ದರೆ ಆ ಕಣ್ಣು ಅಪಾಯದ ಅಂಚಿನಲ್ಲಿದೆ. ಅದೇ ಕಣ್ಣು ರೋಗಿಗೆ ಉಳಿದಿರುವ ಒಳ್ಳೆಯ ಕಣ್ಣಾಗಿದ್ದರೆ ಮಾತು ಇನ್ನೂ ಗಂಭೀರ.

ಗಂಟೆಗೊಮ್ಮೆ ಕೃತಕ ಕಣ್ಣೀರು, ರಾತ್ರಿ ಮುಲಾಮು, ರೆಪ್ಪೆಗೆ ಪಟ್ಟಿ ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ಸಂಧಿವಾತದ ಬೆರಳಿಂದ, ನಡುಗುವ ಕೈಯಿಂದ ಗಂಟೆಗೊಮ್ಮೆ ಹನಿ ಹಾಕಿಕೊಳ್ಳಲು ಆಗುತ್ತದೆಯೇ ಎಂದು ಕೇಳುವವರು ಕಡಿಮೆ. ಮೇಲ್ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನ ಅಥವಾ ಪ್ಲಾಟಿನಂ ತೂಕ ಕೂರಿಸಿದರೆ ಗುರುತ್ವವೇ ಕಣ್ಣು ಮುಚ್ಚಿಸುತ್ತದೆ. ಕೆಳರೆಪ್ಪೆಯನ್ನು ಹೊರಮೂಲೆಯಲ್ಲಿ ಬಿಗಿಮಾಡುವುದೂ ಚಿಕ್ಕ ಕೆಲಸ. ತೂಕ ಎಷ್ಟು ಬೇಕೆಂದು ಮೊದಲೇ ರೆಪ್ಪೆಯ ಹೊರಗೆ ಅಂಟಿಸಿ, ಕೂರಿಸಿ ನೋಡಬೇಕು. ಮಲಗಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ನರ ಚೇತರಿಸಿಕೊಂಡರೆ ತೂಕವನ್ನು ತೆಗೆಯಬಹುದು. ಹಿರಿಯರಲ್ಲಿ ಇದನ್ನು "ಆಮೇಲೆ ನೋಡೋಣ" ಎಂದು ಮುಂದೂಡುವುದು ನಮ್ಮ ಅಭಿಪ್ರಾಯದಲ್ಲಿ ತಪ್ಪು.

ಮೊದಲ ರಾತ್ರಿ

ಹೊಲಿಗೆ ಮುಚ್ಚುವ ಮೊದಲು ಅರಿವಳಿಕೆಯಲ್ಲಿ ಇಳಿದಿದ್ದ ರಕ್ತದೊತ್ತಡವನ್ನು ರೋಗಿಯ ಎಂದಿನ ಮಟ್ಟಕ್ಕೆ ತಂದು ರಕ್ತಸ್ರಾವ ಹುಡುಕಬೇಕು. ಇದನ್ನು ಬಿಟ್ಟರೆ ಎಚ್ಚರವಾಗಿ ಒತ್ತಡ 180 ಮುಟ್ಟಿದಾಗ ಚರ್ಮದಡಿ ರಕ್ತ ತುಂಬಿಕೊಳ್ಳುತ್ತದೆ. ಹಾಗಾಗುವುದು ಹೆಚ್ಚಾಗಿ ಮೊದಲ 24 ಗಂಟೆಯಲ್ಲಿ. ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದಿದ್ದರೆ ಉಸಿರಿಗೇ ತೊಂದರೆಯಾಗಬಹುದು. ಗಾಯದ ದ್ರವ ಹೊರಹರಿಸುವ ಡ್ರೈನ್ ಕೊಳವೆಯಲ್ಲಿ ದಿನಕ್ಕೆ 20–30 ಮಿಲಿಲೀಟರಿಗಿಂತ ಕಡಿಮೆಯಾದಾಗ ಅದನ್ನು ತೆಗೆಯುತ್ತಾರೆ.

ಸನ್ನಿ ಎರಡು ಬಗೆ. ಕೂಗಾಡಿ ಡ್ರೈನ್ ಕಿತ್ತುಕೊಳ್ಳುವುದು ಎಲ್ಲರಿಗೂ ಕಾಣುತ್ತದೆ. ಮಾತಿಲ್ಲದೆ, ಊಟ ಬೇಡವೆಂದು ಗೋಡೆ ನೋಡುತ್ತ ಮಲಗಿರುವವರನ್ನು "ಅಜ್ಜಿ ಸುಮ್ಮನಿದ್ದಾರೆ, ಒಳ್ಳೆಯದು" ಎಂದು ಬಿಟ್ಟುಬಿಡುತ್ತಾರೆ; ಅದೂ ಸನ್ನಿಯೇ ಇರಬಹುದು. ಪೆರೋಟಿಡ್ ಶಸ್ತ್ರಚಿಕಿತ್ಸೆಗೆ ಒಂದು ವಿಶೇಷ ತೊಡಕಿದೆ. ತಲೆಯ ಸುತ್ತ ಕಟ್ಟುವ ದಪ್ಪ ಬ್ಯಾಂಡೇಜ್ ಕಿವಿಯನ್ನು ಮುಚ್ಚುತ್ತದೆ. ಶ್ರವಣಯಂತ್ರ ಹಾಕಲಾಗುವುದಿಲ್ಲ, ಕನ್ನಡಕದ ಕಾಲು ಕೂರುವುದಿಲ್ಲ. ಕೇಳಿಸದ, ಕಾಣಿಸದ ಹಿರಿಯರು ಅಪರಿಚಿತ ಕೋಣೆಯಲ್ಲಿ ಎಚ್ಚರಗೊಂಡರೆ ದಿಕ್ಕು ತಪ್ಪುವುದರಲ್ಲಿ ಆಶ್ಚರ್ಯವಿಲ್ಲ. ದಪ್ಪ ಕಟ್ಟು ಬಿಟ್ಟು ಡ್ರೈನ್ ನಂಬಬಹುದು; ಕಟ್ಟಲೇಬೇಕಾದರೆ ಇನ್ನೊಂದು ಕಿವಿಗೆ ಯಂತ್ರ ಹಾಕಿ, ಕನ್ನಡಕವನ್ನು ದಾರದಿಂದ ಕಟ್ಟಿ ಕೊಡಿ. ಮೂತ್ರದ ಕೊಳವೆ ಹಾಕಿದ್ದರೆ ಮರುದಿನವೇ ತೆಗೆಯಿರಿ. ನಿದ್ರೆ ಬರಲಿಲ್ಲವೆಂದು ಡಯಾಜೆಪಾಮ್ ತರಹದ ಬೆಂಜೋಡಯಜೆಪೈನ್, ತುರಿಕೆಗೆಂದು ಹಳೆಯ ಪೀಳಿಗೆಯ ಅಲರ್ಜಿ ಚುಚ್ಚುಮದ್ದು ಕೊಡಬೇಡಿ.

ಉಳಿದ ಗ್ರಂಥಿಯಿಂದ ಜೊಲ್ಲು ಸೋರಿ ಚರ್ಮದಡಿ ಸೇರಿಕೊಳ್ಳುವುದು ಸಾಮಾನ್ಯ ತೊಡಕು. ಜೊಲ್ಲು ಒಣಗಿಸುವ ಗ್ಲೈಕೋಪೈರೊಲೇಟ್ ತರಹದ ಔಷಧಿ ಕಿರಿಯರಿಗೆ ನಡೆಯುತ್ತದೆ. ಹಿರಿಯರಲ್ಲಿ ಮೂತ್ರ ಕಟ್ಟುತ್ತದೆ, ಮಲಬದ್ಧತೆ ಬರುತ್ತದೆ, ಕೆಲವರಿಗೆ ಮನಸ್ಸೂ ಕದಡುತ್ತದೆ. ಸೂಜಿಯಿಂದ ಹೀರಿ, ಒತ್ತಿ ಕಟ್ಟಿ ಕಾಯುವುದು, ನಿಲ್ಲದಿದ್ದರೆ ಜೊಲ್ಲು ತಡೆಯುವ ಬೋಟುಲಿನಂ ಚುಚ್ಚುವುದು ಹೆಚ್ಚು ಸುರಕ್ಷಿತ.

ಅರ್ಧ ಚಿಕಿತ್ಸೆ

ಗಡ್ಡೆ ತೆಗೆದಾಯಿತು, ವಯಸ್ಸಾಗಿದೆ, ಕುತ್ತಿಗೆ ಬೇಡ, ವಿಕಿರಣವೂ ಬೇಡ. ಈ ಕರುಣೆಯೇ ಎಷ್ಟೋ ಸಲ ರೋಗ ಮರಳಲು ದಾರಿ ಮಾಡುತ್ತದೆ. ಉಗ್ರ ದರ್ಜೆಯ ಗಡ್ಡೆ, ನಾಲ್ಕು ಸೆಂಟಿಮೀಟರಿಗಿಂತ ದೊಡ್ಡದು ಅಥವಾ ಗ್ರಂಥಿಯ ಹೊರಗೆ ಚಾಚಿದ್ದು ಇದ್ದರೆ ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೂ ಅಲ್ಲಿನ ಲಿಂಫ್ ಗ್ರಂಥಿಗಳನ್ನು ತೆಗೆಯಬೇಕೇ ಎಂದು ಯೋಚಿಸುತ್ತಾರೆ. ಅದೇ ಗಾಯವನ್ನು ಸ್ವಲ್ಪ ಉದ್ದ ಮಾಡಿದರೆ ಸಾಕು. ನಂತರ ತೊಂದರೆ ಕೊಡುವುದು ಭುಜದ ನರ ಎಳೆದಾಗ ಕೈ ಎತ್ತಲಾಗದಿರುವುದು. ಫಿಸಿಯೋಥೆರಪಿ ಮೊದಲ ವಾರದಲ್ಲೇ ಶುರುವಾಗಬೇಕು.

ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದ್ದರೆ, ನರದ ಸುತ್ತ ಹರಡಿದ್ದರೆ, ಲಿಂಫ್ ಗ್ರಂಥಿಗೆ ಹೋಗಿದ್ದರೆ, ಅಡಿನಾಯ್ಡ್ ಸಿಸ್ಟಿಕ್ ಎಂಬ ಬಗೆಯ ಕ್ಯಾನ್ಸರ್ ಅಥವಾ ಉಗ್ರ ದರ್ಜೆಯದಾದರೆ ವಿಕಿರಣ ಬೇಕು: 60ರಿಂದ 66 ಗ್ರೇ (ವಿಕಿರಣದ ಅಳತೆ), 30ರಿಂದ 33 ಕಂತುಗಳಲ್ಲಿ, ಶಸ್ತ್ರಚಿಕಿತ್ಸೆಯಾದ ಆರರಿಂದ ಎಂಟು ವಾರದೊಳಗೆ ಶುರು. ಆಪರೇಷನ್ ಬಗ್ಗೆ ಮಾಡಿದ ತಪ್ಪು ಎಣಿಕೆಯನ್ನೇ ಇಲ್ಲಿಯೂ ಮಾಡುತ್ತೇವೆ. ಗಂಟಲಿನ ವಿಕಿರಣದಲ್ಲಿ ನುಂಗಲಾಗದೆ ಒದ್ದಾಡಿದವರನ್ನು ನೋಡಿ ಇದೂ ಹಾಗೆಯೇ ಎಂದುಕೊಳ್ಳುತ್ತಾರೆ. ಪೆರೋಟಿಡ್ ವಿಕಿರಣ ಒಂದೇ ಬದಿಗೆ. ಎದುರು ಬದಿಯ ಗ್ರಂಥಿ ಜೊಲ್ಲು ಸುರಿಸುತ್ತಲೇ ಇರುತ್ತದೆ. ವಿಕಿರಣ ಬಿದ್ದ ಬದಿಯ ಕಿವಿ ಮಾತ್ರ ಇನ್ನಷ್ಟು ಮಂದವಾಗಬಹುದು. ಕೀಳಬೇಕಾದ ಹಲ್ಲುಗಳನ್ನು ಎರಡು ಮೂರು ವಾರ ಮೊದಲೇ ಕಿತ್ತು ವಸಡು ಮಾಯಲು ಬಿಡಬೇಕು. ಜತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಸೇರಿಸಿದರೆ ಲಾಭವೆಂದು ಈ ಕ್ಯಾನ್ಸರಿನಲ್ಲಿ ಸಾಬೀತಾಗಿಲ್ಲ. ಹಿರಿಯರ ಮೂತ್ರಪಿಂಡ ಮತ್ತು ಕಿವಿಗೆ ಅದರ ಹೊಡೆತ ಮಾತ್ರ ಖಚಿತ.

ಅಂಕಿ ಓದುವ ಬಗೆ

"80 ದಾಟಿದವರಲ್ಲಿ ಐದು ವರ್ಷ ಬದುಕುವವರು ಕಡಿಮೆ" ಎಂಬ ಸಾಲಿಗೆ ಹೆದರಬೇಡಿ, ಬಿಡಿಸಿ ನೋಡಿ. ಲೆಕ್ಕಕ್ಕೆಂದು 82 ವಯಸ್ಸಿನ ನೂರು ಜನರನ್ನು ಊಹಿಸಿಕೊಳ್ಳಿ. ಶಸ್ತ್ರಚಿಕಿತ್ಸೆಯಾದ ಐದು ವರ್ಷದಲ್ಲಿ 20 ಜನ ಈ ಕ್ಯಾನ್ಸರಿಂದ, 30 ಜನ ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾದಂಥ ಬೇರೆ ಕಾರಣದಿಂದ ತೀರಿಕೊಂಡರು. ಒಟ್ಟು ಬದುಕುಳಿದವರು ನೂರಕ್ಕೆ 50. ಚಿಕಿತ್ಸೆ ಅರ್ಧ ಜನರಲ್ಲಿ ಸೋತಿತೇ? ಇಲ್ಲ, ಕ್ಯಾನ್ಸರಿನ ಕೈ ಮೇಲಾದದ್ದು ಇಪ್ಪತ್ತು ಜನರಲ್ಲಿ ಮಾತ್ರ. ಇನ್ನೂ ಒಂದು ಸೂಕ್ಷ್ಮವಿದೆ. ಬೇರೆ ಕಾರಣಕ್ಕೆ ಸತ್ತ ಮೂವತ್ತು ಜನರನ್ನು "ಸಂಪರ್ಕ ತಪ್ಪಿದವರು" ಎಂಬಂತೆ ಪಟ್ಟಿಯಿಂದ ಬಿಟ್ಟು ಕ್ಯಾಪ್ಲನ್-ಮೈಯರ್ ಎಂಬ ಬದುಕುಳಿವಿನ ರೇಖೆ ಎಳೆದರೆ ಕ್ಯಾನ್ಸರ್ ಸಾವು 20ಕ್ಕಿಂತ ಹೆಚ್ಚು ಎಂದು ತೋರುತ್ತದೆ, ಏಕೆಂದರೆ ಅವರು ಮುಂದೆಯೂ ಕ್ಯಾನ್ಸರಿಂದ ಸಾಯಬಹುದಿತ್ತು ಎಂದು ಆ ಲೆಕ್ಕ ಎಣಿಸುತ್ತದೆ. ಹಿರಿಯರ ಅಧ್ಯಯನದಲ್ಲಿ ಸ್ಪರ್ಧಿಸುವ ಅಪಾಯಗಳನ್ನು (ಕ್ಯಾನ್ಸರ್ ಸಾವು, ಬೇರೆ ಕಾರಣದ ಸಾವು) ಬೇರೆ ಬೇರೆ ಎಣಿಸಿದ್ದಾರೆಯೇ ಎಂದು ಮೊದಲು ನೋಡಬೇಕು. ಶಸ್ತ್ರಚಿಕಿತ್ಸೆಯಾದವರು ಹೆಚ್ಚು ಬದುಕಿದರು ಎಂಬ ಹೋಲಿಕೆಯನ್ನೂ ಹಾಗೆಯೇ ನುಂಗಬಾರದು. ಶಸ್ತ್ರಚಿಕಿತ್ಸೆ ಬೇಡವೆಂದು ಬಿಟ್ಟವರು ಮೊದಲೇ ಹೆಚ್ಚು ಸೊರಗಿದ್ದವರು. ಸಾವನ್ನು 30 ದಿನಕ್ಕೆ ಎಣಿಸಿದರೆ ಸಾಲದು, 90 ದಿನಕ್ಕೆ ಎಣಿಸಬೇಕು. ಹಿರಿಯರು ಕುಸಿಯುವುದು ಮನೆಗೆ ಹೋದ ಮೇಲೆ.

ಕತ್ತಿ ಬೇಡವಾದಾಗ

ಹಾಸಿಗೆ ಹಿಡಿದವರು, ಮುಂದುವರಿದ ಮರೆಗುಳಿತನ ಇರುವವರು, ಗಡ್ಡೆ ತಲೆಬುರುಡೆಯ ಬುಡಕ್ಕೆ ಅಥವಾ ಕೆರೋಟಿಡ್ ರಕ್ತನಾಳದ ಸುತ್ತ ಹಬ್ಬಿರುವವರು: ಇಲ್ಲಿ ಬೇಡ ಎನ್ನುವುದೂ ಒಳ್ಳೆಯ ವೈದ್ಯವೇ. ನೋವು, ರಕ್ತಸ್ರಾವ ತಡೆಯಲು ಎರಡು ದಿನದಲ್ಲಿ ನಾಲ್ಕು ಸಲ, ಪ್ರತಿ ಸಲ 3.7 ಗ್ರೇ ವಿಕಿರಣ ಕೊಟ್ಟು, ತಾಳಿಕೊಂಡರೆ ಮೂರು ನಾಲ್ಕು ವಾರ ಬಿಟ್ಟು ಮತ್ತೆ ಕೊಡುವ ಕ್ರಮವಿದೆ. ಆರು ವಾರ ದಿನವೂ ಓಡಾಡಬೇಕಿಲ್ಲ. ಲಾಲಾನಾಳದ ಕಾರ್ಸಿನೋಮಾದಲ್ಲಿ ಬಹುಪಾಲು ಆಂಡ್ರೋಜನ್ (ಪುರುಷ ಹಾರ್ಮೋನ್) ಗ್ರಾಹಿ ಇರುವುದರಿಂದ ಪ್ರೊಸ್ಟೇಟ್ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ತಡೆ ಚಿಕಿತ್ಸೆ ಕೆಲವರಲ್ಲಿ ಕೆಲಸ ಮಾಡುತ್ತದೆ. ಹರ್2 ಎಂಬ ಪ್ರೋಟೀನ್ ಹೆಚ್ಚಿದ್ದರೆ ಟ್ರಾಸ್ಟುಜುಮ್ಯಾಬ್, ಸೆಕ್ರೀಟರಿ ಕಾರ್ಸಿನೋಮಾ ಎಂಬ ಬಗೆಯಲ್ಲಿ ಎನ್‌ಟಿಆರ್‌ಕೆ ಜೀನ್ ಜೋಡಣೆ ಇದ್ದರೆ ಲಾರೋಟ್ರೆಕ್ಟಿನಿಬ್ ಎಂಬ ಔಷಧಿಗಳಿವೆ. ಆದ್ದರಿಂದ ಶಸ್ತ್ರಚಿಕಿತ್ಸೆ ಬೇಡವೆಂದಾದರೂ ಬಯಾಪ್ಸಿಯ ತುಂಡಿನಲ್ಲಿ ಈ ಪರೀಕ್ಷೆಗಳನ್ನು ಮಾಡಿಸಬೇಕು.

ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರ್ ಹತ್ತು ವರ್ಷ ಕಳೆದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. 84ರವರ ಸ್ಕ್ಯಾನಿನಲ್ಲಿ ಆರು ಮಿಲಿಮೀಟರಿನ ಎರಡು ಚುಕ್ಕೆ ಕಂಡವು, ಕೆಮ್ಮಿಲ್ಲ, ದಮ್ಮಿಲ್ಲ ಎಂದುಕೊಳ್ಳಿ. ಅಂದೇ ಔಷಧಿ ಶುರು ಮಾಡುವ ಅಗತ್ಯವಿಲ್ಲ. ಆರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ. ಒಂದೆರಡು ಮಿಲಿಮೀಟರ್ ಬೆಳೆದಿದ್ದರೆ ಮತ್ತೆ ಆರು ತಿಂಗಳು ಬಿಟ್ಟು ನೋಡಿ.